ತಕ್ಕದ್ದು

ಪಾಲಿಕೆಯ ಮೇಲ್ಮಹಡಿ, ಪ್ರೊಜೆಕ್ಟರ್ ಕೆಟ್ಟ ಮಧ್ಯಾಹ್ನ.
ದಾವಣಗೆರೆಯ ಹಳೆ ಪಿ.ಬಿ. ರಸ್ತೆಯನ್ನು ಮೇಜಿನ ಮೇಲೆ ಹಾಸಿ
ನಾಲ್ಕು ಮೂಲೆಗೆ ನಾಲ್ಕು ಚಹಾ ಲೋಟ ಇಟ್ಟಿದ್ದೇವೆ,
ಸುರುಳಿ ಸುತ್ತೀತೆಂದು.
ಹನ್ನೊಂದು ಸಿಗ್ನಲ್ಲು ಒಂದೇ ಉಸಿರಾಡಬೇಕಂತೆ.
ಅದಕ್ಕೆ ಏನೇನು ಬೇಕು, ಬರೆದುಕೊಳ್ಳಿ ಎಂದರು.
ಬರೆಯುವವಳು ನಾನು.

ಪ್ರತಿ ಬೇಡಿಕೆಯ ಬಾಲಕ್ಕೂ
ಒಂದು ‘ತಕ್ಕದ್ದು’ ಕಟ್ಟಬೇಕು, ಸರ್ಕಾರಿ ಕನ್ನಡ:
ದೀಪಗಳು ಒಂದಕ್ಕೊಂದು ಸುದ್ದಿ ಮುಟ್ಟಿಸತಕ್ಕದ್ದು.
ಕರೆಂಟು ಹೋದರೂ ಗಡಿಯಾರ ನಡೆಯತಕ್ಕದ್ದು.
ಆಂಬುಲೆನ್ಸ್ ಬಂದರೆ ಕೆಂಪು ತಾನಾಗಿ ಹಸಿರಾಗತಕ್ಕದ್ದು.

“ಹಸಿರು ಆಗ್ತತಿ ಮೇಡಂ,” ಜಬೀವುಲ್ಲಾ ನಕ್ಕ,
ಹದಿನಾಲ್ಕು ವರ್ಷ ಸೈರನ್ನಿನ ಕೆಳಗೆ ಕೂತವನು,
“ಮುಂದೆ ನಿಂತ ಮೆಕ್ಕೆಜೋಳದ ಲಾರಿಗೆ
ಅದು ಗೊತ್ತಾಗಬೇಕಲ್ಲ.”
ಟ್ರಾಫಿಕ್ಕಿನ ಕರಿಬಸಪ್ಪ ಕೇಳಿದ್ದು ಒಂದೇ:
ಸಿಗ್ನಲ್ ಪೆಟ್ಟಿಗೆಯ ಬೀಗದ ಕೈ ತನ್ನ ಜೇಬಿನಲ್ಲಿರಲಿ.
ಯಂತ್ರ ತಪ್ಪಿದ ದಿನ
ಬೈಸಿಕೊಳ್ಳುವುದು ಯಂತ್ರವಲ್ಲವಲ್ಲ.

ರೈಲ್ವೆ ಗೇಟಿನ ಮಾತು ಬಂದಾಗ
ಎಲ್ಲರೂ ಲೋಟ ಎತ್ತಿ ಚಹಾ ಕುಡಿದರು.
ನಕ್ಷೆ ಸುರುಳಿ ಸುತ್ತಿಕೊಂಡಿತು.
ಅದು ಬೇರೆ ಇಲಾಖೆ, ‘ತಕ್ಕದ್ದು’ ತಾಗುವುದಿಲ್ಲ;
‘ಕೋರಲಾಗಿದೆ’ ಎಂದು ಬರೆದೆ.

ಪಾದಚಾರಿಗಳಿಗೆ ಇಪ್ಪತ್ತೆರಡು ಸೆಕೆಂಡು:
ಯಾವುದೋ ಕೈಪಿಡಿಯಿಂದ ಇಳಿಸಿಕೊಂಡ ಅಂಕಿ.
ಮರುದಿನ ಬೆಳಿಗ್ಗೆ, ಯಾರೂ ಹೇಳದೆ,
ಮಂಡಕ್ಕಿ ಭಟ್ಟಿಯ ತಿರುವಿನಲ್ಲಿ ಮೊಬೈಲ್ ಹಿಡಿದು ನಿಂತೆ.
ಶಂಶಾದ್‌ಬಿ ಬಂದಳು, ತಲೆಯ ಮೇಲೆ
ಅವಳಿಗಿಂತ ದೊಡ್ಡ ಚೀಲ.
ನಡುರಸ್ತೆಯಲ್ಲಿ ಎರಡು ಸಲ ನಿಂತಳು,
ಚೀಲವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು.
ಮೂವತ್ತೊಂದು ಹೆಜ್ಜೆ. ನಲವತ್ತೊಂದು ಸೆಕೆಂಡು.
ಭಾರವೇ ಎಂದು ಕೇಳಿದೆ.
“ಮಂಡಕ್ಕಿಗೆಲ್ಲಿ ಭಾರ ಬೇ! ಗಾಳಿ.
ಲಾರಿ ಸರಿದ್ರೆ ಚೀಲಾನೇ ನನ್ನ ಎಳಿತೈತಿ.”

ದಾಟುವವರ ಹೊತ್ತು
ನಲವತ್ತೊಂದಕ್ಕೆ ಕಡಿಮೆ ಇರತಕ್ಕದ್ದಲ್ಲ ಎಂದು ಬರೆದೆ.
ಬರೆದು, ಆ ಪದವನ್ನೇ ನೋಡುತ್ತ ಕೂತೆ.
ತಕ್ಕದ್ದು.
ಯಾರಿಗೆ ತಕ್ಕದ್ದು, ಯಾವುದಕ್ಕೆ ತಕ್ಕದ್ದು,
ಇಷ್ಟು ದಿನ ಟೈಪು ಮಾಡಿದರೂ
ಅದರೊಳಗೆ ಒಬ್ಬರು ನಿಂತಿರಬಹುದೆಂದು ಹೊಳೆದಿರಲಿಲ್ಲ.

ಸಾಹೇಬರು ಆ ಸಾಲಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದರು:
“ಈ ಹತ್ತೊಂಬತ್ತು ಸೆಕೆಂಡು ಎಲ್ಲಿಂದ ತರೋದು ನಾಗವೇಣಿ?
ಹನ್ನೊಂದೂ ತಾಳ ತಪ್ತಾವೆ.”
ಕಿಟಕಿಯಾಚೆ ಗೇಟು ಬಿದ್ದಿತ್ತು.
ಬಸ್ಸು, ಆಟೋ, ಜಬೀವುಲ್ಲಾನ ಸೈರನ್ನು,
ಎಲ್ಲ ಒಂದೇ ಸಾಲಿನಲ್ಲಿ.
ಗೂಡ್ಸು ರೈಲು ಏಳು ನಿಮಿಷ ತಗೊಂಡಿತು.
ಎಲ್ಲಿಂದ ತಂದಿತೆಂದು ಯಾರೂ ಕೇಳಲಿಲ್ಲ.