ಬೆನ್ನು

ಉಪ್ಪಳದ ಬೀಡಿ ಬ್ರಾಂಚಿನಿಂದ ಹದಿಮೂರು ಮಂದಿ
ಬಸ್ಸು ಹತ್ತಿ ಕಾಸರಗೋಡಿಗೆ ಹೋದೆವು, ಅಕ್ಕನ ಸಿನಿಮಾಕ್ಕೆ.
ಅಮ್ಮನ ಸೊಂಟದಲ್ಲಿ ಎಲೆ ಕತ್ತರಿ ಹಾಗೇ ಇತ್ತು.

ಮೊದಲರ್ಧ ಮುಗಿಯಿತು. ಚಂಚಲಾಕ್ಷಿ ಇಲ್ಲ.
"ಈಗ ಬರ್ತಾಳೆ" ಎಂದು ಬೀಫಾತಿಮ್ಮ ಕಡಲೆ ಹಂಚಿದಳು.
ಆಮೇಲೆ ಒಂದು ಕೊಳ. ನಾಯಕಿ ನಕ್ಕು, ಆಚೆ ತಿರುಗಿ,
ಕುಪ್ಪಸ ಕಳಚಿದಳು.
ತಿರುಗಿದ್ದು ಅವಳು. ಬೆನ್ನು ಅವಳದ್ದಲ್ಲ.

ಎಡ ಹೆಗಲ ಕೆಳಗೆ, ಬಣ್ಣ ಬಳಿದರೂ ನೀರಿಗೆ ಎದ್ದು ಬಂದಿತ್ತು
ಗೇರುಬೀಜ ಸುಡುವಾಗ ಸೊನೆ ಸಿಡಿದ ಕಲೆ.
ಎಣ್ಣೆ ಹಚ್ಚಿ ಹಚ್ಚಿ ಅಮ್ಮನ ಬೆರಳಿಗೆ ಅದರ ಅಂಚು ಬಾಯಿಪಾಠ.
ಹಿಂದಿನ ಸಾಲಿನಿಂದ ಸಿಳ್ಳೆ.
ಅಮ್ಮ ಸೆರಗೆಳೆದು ತನ್ನ ಬೆನ್ನು ಮುಚ್ಚಿಕೊಂಡಳು.

ಕೊನೆಗೆ ಹೆಸರುಗಳು ಮೇಲಕ್ಕೆ ಓಡಿದವು, ಮಲಯಾಳದಲ್ಲಿ:
ಅಡುಗೆಯವರದು, ಲಾರಿಯವರದು, ಒಂದು ನಾಯಿಯದೂ.
ಕನ್ನಡ ಶಾಲೆಯ ನಾನು ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ
ದೀಪ ಹಾಕಿದರು.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.
ಏಜೆಂಟನಿಗೆಂದು ಅಡವಿಟ್ಟ ಸರ ಸೊಸೈಟಿಯಲ್ಲೇ ಇದೆ,
ಬಿಸುವಿನಿಂದೀಚೆ ಅವಳ ಫೋನು ಸ್ವಿಚ್ ಆಫ್.
ಕುಂಬಳೆ ಸೇತುವೆ ದಾಟುವಾಗ ಅಮ್ಮ ಕೇಳಿದಳು:
"ಹೆಸರಿತ್ತಲ್ಲಾ?"

"ಇತ್ತು," ಎಂದೆ. "ದೊಡ್ಡಕ್ಷರದಲ್ಲಿ."