ಒಗರು

ಕಾರ್ಕು ಎರಡು ತುಂಡಾಯಿತು. ಆಗಲಿ ಬಿಡು, ಮುರ್ಡೋ,
ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚಿ ಕೂತದ್ದಕ್ಕೆ
ಅಷ್ಟು ಸಿಡುಕು ಇರಬೇಕಾದ್ದೇ.
ಟಾರ್ಚ್ ಹಿಡಿ ಬಾಟಲಿಯ ಕತ್ತಿನ ಕೆಳಗೆ,
ಗಸಿ ಕಂಡ ಕೂಡಲೇ ಹೇಳು.

ತೊಂಬತ್ತಾರರ ಏಪ್ರಿಲ್. ನೆನಪಿದೆಯಾ,
ಕೂನವಾರದ ಕೆಂಪು ನೆಲದಲ್ಲಿ
ಬಕೆಟ್ಟು ಬೋರಲು ಹಾಕಿ ಕೂತು
ಒಂದು ಹಣ್ಣು ಅಗಿದು, ಬೀಜ ಉಗಿದು
'ಇದು ಹತ್ತು ವರ್ಷ ಬಾಳಿದರೆ
ನನ್ನ ಕತ್ತರಿ ನಿನ್ನದು, ಕೋರಲ್' ಅಂದಿದ್ದೆ.
ಹತ್ತಾಯಿತು. ಇಪ್ಪತ್ತಾಗಲಿ ಅಂದೆ ನೀನು.
ಇಪ್ಪತ್ತಾದಾಗ ನಮಗೆ ಮಾತಿರಲಿಲ್ಲ,
ಬೇಲಿ ಹಾರಿದ ನಿನ್ನ ಟಗರಿನ ದೆಸೆಯಿಂದ.

ಆಮೇಲೆ ಆ ಜ್ವರ. ಎಲ್ಲರಿಗೂ ಬಂತು, ಹೋಯಿತು;
ಹೋಗುವಾಗ ನಿನ್ನ ಮೂಗನ್ನು ಜೊತೆಗೇ ಒಯ್ದಿತು.

ಈಗ ಲೋಟದೊಳಗೆ ಮುಖವಿಟ್ಟು ಕೂತಿದ್ದೀಯ,
ಕರೆಂಟು ಹೋದ ಮನೆಯಲ್ಲಿ
ಸ್ವಿಚ್ಚು ಒತ್ತುತ್ತಲೇ ಇರುವವನ ಹಾಗೆ.
'ಹೇಳು' ಅನ್ನುತ್ತೀಯ. 'ಏನಿದೆ ಒಳಗೆ?'

ಪಂದ್ಯ ನನ್ನದು, ಸುಳ್ಳು ಹೇಳಬಹುದು.
ಹೇಳುವುದಿಲ್ಲ.
ಮೊದಲು ಏನೂ ಇಲ್ಲ. ಮುಚ್ಚಿಟ್ಟ ಪೆಟ್ಟಿಗೆ, ಅಷ್ಟೆ.
ತಡಿ.
ಈಗ, ಪೆನ್ಸಿಲ್ ಹೆರೆದ ಹೊಟ್ಟು.
ನಿನ್ನಪ್ಪನ ಕೋಟಿನ ಜೇಬು, ತಂಬಾಕು ತೀರಿದ ಮೇಲೆ.
ಪುದೀನ. ಅಲ್ಲ, ಪುದೀನ ಅಲ್ಲ,
ರೈಲು ಬಾರದ ಆ ಹಳಿಗುಂಟ, ಒದ್ದೆ ಬೆಳಿಗ್ಗೆ,
ನೀಲಗಿರಿ ಎಲೆ ತುಳಿಯುತ್ತ ಸೈಕಲ್ಲು ತಳ್ಳಿದ ಹಾಗೆ.
ಹಣ್ಣೆಲ್ಲಿ ಹೋಯಿತು, ಕೇಳುತ್ತೀಯ.
ಇದೆ, ಹಿಂದಿನ ಕೋಣೆಯಲ್ಲಿ:
ಬ್ಲ್ಯಾಕ್‌ಕರಂಟ್ ಜಾಮಿನ ಶೀಶೆ ತೊಳೆದಿಟ್ಟರೂ
ಮುಚ್ಚಳದಲ್ಲಿ ಉಳಿಯುವಷ್ಟು.
ಕರೆದರೆ ಬರುತ್ತದೆ.

ಕಾಣದ ಊರಿನ ನಕ್ಷೆ ಓದಿಸಿಕೊಂಡವನಂತೆ
ತಲೆಯಾಡಿಸುತ್ತೀಯ.
ಆಮೇಲೆ, ನನ್ನ ಮಾತು ಸಾಕೆನ್ನಿಸಿ,
ಒಂದು ಗುಟುಕು ಬಾಯಿಗೆ ಹಾಕಿಕೊಂಡು
ನುಂಗದೆ ಕೂರುತ್ತೀಯ.
ಹೊರಗೆ ಮ್ಯಾಗ್‌ಪೈ ಕೂಗಿ ಸುಮ್ಮನಾಗುತ್ತದೆ.

ಒಗರಿಗೆ ಮೂಗು ಬೇಕಿಲ್ಲ.
ನಾಲಗೆಯ ಮೇಲೆ ಯಾರೋ ಕೈಯಿಟ್ಟ ಹಾಗೆ ಅದು.
ಅಂದು, ಕುರಿ ಉಣ್ಣೆ ಕತ್ತರಿಸುವವನ ಅಂಗೈ,
ವಸಡನ್ನೆಲ್ಲ ಹಿಡಿದು ತಿರುಚಿತ್ತು.
ಇಂದು
ನಿನ್ನ ದವಡೆ ಸಡಿಲವಾಗುವುದನ್ನು ನೋಡುತ್ತಿದ್ದೇನೆ.
ಕೆನ್ನೆಯ ಒಳಗೋಡೆ ಸವರಿ ಸವರಿ
ನಾಲಗೆ ಹುಡುಕುತ್ತಿದೆ ಆ ಒರಟನನ್ನು.

'ಇದ್ದಾನೆ' ಅನ್ನುತ್ತೀಯ ಕೊನೆಗೆ.
'ಇನ್ನೂ ಇದ್ದಾನೆ. ಈಗ ಬಾಗಿಲು ತಟ್ಟಿ ಬರುತ್ತಾನೆ.'

ತಾಳಿದವನು ಬಾಳಿಯಾನು, ಸರಿ.
ತಾಳಲಿಕ್ಕೂ ಮೊದಲು ಒಳಗೆ
ಕಚ್ಚುವಂಥದೊಂದು ಇರಬೇಕಲ್ಲ.
ಆ ವರ್ಷದ ಮೆತ್ತನೆಯ ಸಿಹಿ ವೈನುಗಳನ್ನು
ನಾವು ಕ್ರಿಸ್ಮಸ್ಸಿಗೇ ಮುಗಿಸಿದ್ದೆವು,
ಹೆಸರೂ ನೆನಪಿಲ್ಲ.

ನೀನು ಕತ್ತರಿ ತೆಗೆದು ಮೇಜಿನ ಮೇಲಿಡುತ್ತೀಯ:
ಕೆಂಪು ಹಿಡಿ, ಹೆಬ್ಬೆರಳ ಜಾಗ ಸವೆದು ಬಿಳುಪು.
ಎರಡನೇ ಲೋಟ ಮುಗಿಯುವ ಮೊದಲೇ
ಮೆಲ್ಲನೆ ನಿನ್ನ ಕಡೆಗೆಳೆದುಕೊಂಡು
'ಜುಲೈ ಕಳೆಯಲಿ' ಅನ್ನುತ್ತೀಯ,
'ನಿನ್ನ ಬಳ್ಳಿಗಳನ್ನು ಸವರುವುದಿದೆ.'