ಸಂಕೇತ ತೊಂಬತ್ತೊಂಬತ್ತು

ಮಾದರಿ ಅಂದರೆ ಒಂದು ಅಗುಳು, ಅಂದಿದ್ದರು ಸಬೀಹಾ ಮೇಡಂ,
ಹಿಸುಕಿ ನೋಡಿದರೆ ಸಾಕು, ಗಡಿಗೆಯ ಅನ್ನ ಬೆಂದದ್ದು ತಿಳಿಯುತ್ತದೆ.
ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಬಡಿಸುತ್ತಿತ್ತು.
ನಾನು ಸಿಂಧನೂರಿನ ಭತ್ತದ ಮನೆಯವಳು, ಕೈ ಎತ್ತಿದೆ:
ತಳ ಸೀದಿದ್ದರೆ, ಮೇಡಂ?
ನಕ್ಕರು. ಅದಕ್ಕೇ ಪದರ ಪದರಕ್ಕೂ ಸೌಟು ಹಾಕಬೇಕು,
ಅದಕ್ಕೂ ಒಂದು ಹೆಸರಿದೆ, ಬರೆದುಕೋ.
ಬರೆದುಕೊಂಡೆ.

ಮೊದಲೆರಡು ತಿಂಗಳು ರಾಯಚೂರು ಕೋರ್ಟಿನ ರೆಕಾರ್ಡ್ ರೂಮು.
ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ ಧೂಳು, ಗುಂಡುಸೂಜಿಯ ತುಕ್ಕು,
ಒಂದು ಕಡತದ ನಡುವೆ ಒಣಗಿ ಹಾಳೆಯಾದ ಹಲ್ಲಿ.
ಗುಮಾಸ್ತ ಪಂಪನಗೌಡರು ಪೆನ್ನಿನ ತುದಿಯಿಂದ ಅದನ್ನು ಸರಿಸಿ
‘ಇದನ್ನೂ ಲೆಕ್ಕಕ್ಕ ಹಿಡೀರಿ, ಒಳಗ ಬಂದದ್ದು ಹೊರಗ ಹೋಗಲಿಲ್ಲ’ ಅಂದರು.
ನನ್ನ ತಖ್ತೆಯಲ್ಲಿ ವಾಯಿದೆಯ ಕಾರಣಕ್ಕೆ ಏಳು ಮನೆ.
ಸಾಕ್ಷಿ ಗೈರು, ವಕೀಲ ಗೈರು, ಸಾಹೇಬರು ರಜೆ...
ಕೊನೆಯ ಮನೆ, ‘ಕಾರಣ ಬರೆದಿಲ್ಲ’,
ಅದೊಂದೇ ತುಂಬಿ ಪಕ್ಕದ ಪುಟಕ್ಕೆ ಹರಿಯಿತು.

ಆಮೇಲೆ ಬೇವಿನ ನೆರಳು.
ಹುಸೇನಮ್ಮ, ದೇವದುರ್ಗದ ಕಡೆಯಿಂದ ಮೊದಲ ಬಸ್ಸಿಗೆ ಬಂದವಳು.
ಮಗ ಶಂಶಾಲಂ. ಕಾಲುವೆಯ ಮೋಟಾರು ಕಳವು. ಹತ್ತೊಂಬತ್ತು ತಿಂಗಳಿಂದ ಒಳಗೆ.
ಪ್ರಶ್ನೆ ಹನ್ನೊಂದು: ನ್ಯಾಯಾಲಯದ ಮೇಲೆ ನಿಮಗೆ ವಿಶ್ವಾಸ
ಬಹಳವೋ, ಸ್ವಲ್ಪವೋ, ಇಲ್ಲವೋ, ಹೇಳಲಾರಿರೋ?
ಜವಾನ ಕೂಗಿದ ಹೆಸರು ಮಗನದಲ್ಲವೆಂದು ಖಾತ್ರಿ ಮಾಡಿಕೊಂಡು ಅಂದಳು:
‘ಇಲ್ಲಂದ್ರ ಕೂಲಿ ಬಿಟ್ಟು ಯಾಕ ಬರ್ತಿದ್ದೆ?
ಐತಿ ಅಂದ್ರ ಬುತ್ತಿ ಯಾಕ ಕಟಗೊಂಡು ಬರ್ತಿದ್ದೆ?’
ನಾಲ್ಕು ಚೌಕದಲ್ಲಿ ಯಾವುದಕ್ಕೂ ಗುರುತು ಹಾಕಲಾಗದೆ
ಅಂಚಿನಲ್ಲಿ ಬರೆದೆ, ಅಕ್ಷರ ಸಣ್ಣ ಮಾಡಿ.

ಎಲ್ಲಕ್ಕಿಂತ ಮೊದಲು ತೆಗೆಯಬೇಕಿದ್ದ ಸಮ್ಮತಿ ಪತ್ರ
ನನಗೆ ನೆನಪಾದದ್ದು ಆಗ.
ಓದಿ ಹೇಳಿದೆ: ಯಾವಾಗ ಬೇಕಾದರೂ ಎದ್ದು ಹೋಗಬಹುದು.
ಹೆಸರು ಎಲ್ಲೂ ಬರುವುದಿಲ್ಲ.
ಇದರಿಂದ ನಿಮಗೆ ನೇರ ಲಾಭವಿಲ್ಲ.
ಕೊನೆಯದಕ್ಕೆ ಮಾತ್ರ ಗೋಣು ಹಾಕಿದಳು.
ಶಾಯಿಯ ಡಬ್ಬಿ ತೆರೆದದ್ದೇ ತಡ
ಅವಳ ಎಡಗೈ ಸೆರಗಿನೊಳಗೆ ಹೋಯಿತು.

‘ಅವತ್ತೂ ಹಿಂಗ ಅಂದಿದ್ರು, ಏನಿಲ್ಲ, ಬರೇ ಒಂದು ಹೆಬ್ಬಟ್ಟು.
ನಂದು ತಗೊಂಡ್ರು, ಮಗಂದು ತಗೊಂಡ್ರು.
ಹಾಳಿ ಖಾಲಿ ಇತ್ತವ್ವ.
ಆಮ್ಯಾಲ ಅದರಾಗ ಏನೇನೋ ಬಂತು.’

ನನ್ನ ಹಾಳೆ ತುಂಬಿತ್ತು.
ಓದಲು ಬಾರದವಳ ಮುಂದೆ ತುಂಬಿದ ಹಾಳೆಯೂ ಖಾಲಿಯೇ ಎಂದು
ಯಾವ ಅಧ್ಯಾಯವೂ ನನಗೆ ಹೇಳಿರಲಿಲ್ಲ.
ಡಬ್ಬಿ ಮುಚ್ಚಿದೆ. ಶಾಯಿ ಹತ್ತಿದ್ದು ನನ್ನ ಬೆರಳಿಗೆ.

‘ನಿಂದು ಎಷ್ಟು ವರ್ಷದ ಕೇಸು?’ ಕೇಳಿದಳು.
ಮೂರು, ಅಂದೆ. ಮುಗಿಯದಿದ್ದರೆ ಅರ್ಜಿ ಕೊಟ್ಟು ಇನ್ನೊಂದು.
‘ಹಂಗಾರ ನಿನಗೂ ವಾಯಿದಿ ಕೊಡ್ತಾರ ಬಿಡು.’
ನಗುತ್ತಲೇ ಗಂಟು ಬಿಚ್ಚಿದಳು, ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ.
ಉತ್ತರ ಕೊಡುವವರಿಂದ ಏನನ್ನೂ ಸ್ವೀಕರಿಸಬಾರದು, ನಿಯಮವಿದೆ.
ಹಸಿವೂ ಇತ್ತು.
ರೊಟ್ಟಿ ಮುರಿದು ಕೊಡಲು ಅವಳ ಎಡಗೈ ಹೊರಗೆ ಬಂತು.

ರಾತ್ರಿ ಫೋನಿನಲ್ಲಿ ಮೇಡಂ ಬಹಳ ಹೊತ್ತು ಸುಮ್ಮನಿದ್ದು
ಅಳಿಸಿಬಿಡು, ಅಂದರು. ಒಪ್ಪದವರ ಮಾತು ನಮ್ಮದಲ್ಲ.
ಅಳಿಸಿದೆ. ಅದು ಸರಿಯೇ.
ನಲವತ್ತೊಂದನೆಯ ಸಾಲು ಈಗ ಈ ಅಂಚಿನಿಂದ ಆ ಅಂಚಿಗೆ
ತೊಂಬತ್ತೊಂಬತ್ತು, ತೊಂಬತ್ತೊಂಬತ್ತು,
ಉತ್ತರ ಲಭ್ಯವಿಲ್ಲ.
ಇಲ್ಲಿ ನಾನು ಬರೆದ ಹೆಸರುಗಳೂ ಅವರವಲ್ಲ.
ಉಳಿದದ್ದು ಉಗುರಿನ ಸಂದಿಯ ನೀಲಿ, ಸೋಪಿಗೆ ಹೋಗದ್ದು.

ಬರುವ ಸೋಮವಾರ ಆ ಹುಡುಗನ ತಾರೀಕು.
ಪ್ರಶ್ನಾವಳಿ ಒಯ್ಯುವುದಿಲ್ಲ.
ಬುತ್ತಿ ಈ ಸಲ ನನ್ನದು.